ಎಲ್ಲರ ಹೆಸರಿನಲ್ಲಿ ಉಂಡವರು

ಕಾಶಿಯ ಅಸ್ಸಿ ಘಾಟಿನಲ್ಲಿ ಚಳಿ ಶುರುವಾದರೆ ಚಹಾದಂಗಡಿಗಳ ಪಕ್ಕಕ್ಕೆ ಎಳ್ಳಿನ ಲಡ್ಡು ಮಾರುವ ಗಾಡಿಗಳು ಬಂದು ನಿಲ್ಲುತ್ತವೆ. ಮೊನ್ನೆ ಮೊಮ್ಮಗಳನ್ನು ಕರೆದುಕೊಂಡು ಆ ಕಡೆ ಹೋಗಿದ್ದೆ. ಗಾಡಿಯವನು ಅಗಲವಾದ ಬಾಣಲೆಯಲ್ಲಿ ಕರಿ ಎಳ್ಳು ಹುರಿಯುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಅಲ್ಲೇ ನಿಂತವು. ಹುಡುಗಿ ಸೆರಗು ಜಗ್ಗಿ, "ಅಜ್ಜಿ, ತಿಲ್ ಕಾ ಲಡ್ಡೂ" ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಹಿಂದಿ. ಅವಳಿಗೊಂದು ಕೊಡಿಸಿದೆ. ನಿನಗೆ ಎಂದು ಕೇಳಿದಳು, ನನಗೆ ಬೇಡ ಎಂದೆ.

ನಾನು ಹುಟ್ಟಿದ ಹಾವೇರಿ ಕಡೆ ಎಳ್ಳು ಎಂದರೆ ಸಂಕ್ರಾಂತಿ, ಹೊಸ ಸೀರೆ, ಮನೆಮನೆಗೆ ಹಂಚುವ ಕುಸುರೆಳ್ಳು. ಮದುವೆಯಾಗಿ ಕಾಶಿಯ ಶಿವಾಲ ಎಂಬ ಕೇರಿಯ ಈ ಮನೆಗೆ ಬಂದ ಮೇಲೆ ಎಳ್ಳು ಎಂದರೆ ಸತ್ತವರು ಎಂದಾಯಿತು. ನಮ್ಮದು ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಮನೆ. ಮಾವನವರು ಮಂತ್ರ ಹೇಳಿಸುತ್ತಿದ್ದರು, ಗಂಡ ದಶಾಶ್ವಮೇಧ ಘಾಟಿಗೆ ಹೋಗಿ ಯಾತ್ರಿಕರನ್ನು ಕರೆತರುತ್ತಿದ್ದ, ಅಡುಗೆಮನೆ ನನ್ನದು. ಒಲೆಯ ಮುಂದೆ ನಿಂತು ನಾನು ಯಾರ್‍ಯಾರದೋ ತಂದೆಗೆ, ತಾಯಿಗೆ, ಅಜ್ಜನಿಗೆ ವಡೆ ಕರಿದಿದ್ದೇನೆ. ಆ ಅಡುಗೆಯನ್ನು ಉಣ್ಣುತ್ತಿದ್ದವರ ನೆನಪು ಮೊನ್ನೆ ಆ ಗಾಡಿಯ ಮುಂದೆ ಬಂತು. ಬಂದದ್ದು ನೆನಪೋ ನಾಚಿಕೆಯೋ... ನನಗಂತೂ ಅವೆರಡು ಬೇರೆ ಬೇರೆಯಾಗಿ ಬರುವುದೇ ಇಲ್ಲ.

ಶ್ರಾದ್ಧವೆಂದರೆ ಪಿಂಡ ಇಟ್ಟರೆ ಮುಗಿಯುವುದಿಲ್ಲ. ಸತ್ತವರ ಪರವಾಗಿ ಒಬ್ಬ ಬ್ರಾಹ್ಮಣ ಮಣೆಯ ಮೇಲೆ ಕೂತು ಉಣ್ಣಬೇಕು. ಅವರನ್ನು ಭೋಕ್ತೃಗಳು ಎನ್ನುತ್ತಾರೆ. ಉಣ್ಣುವಷ್ಟು ಹೊತ್ತು ಅವರೇ ಆ ಮನೆಯ ತಂದೆ, ಅವರೇ ತಾಯಿ. ಮಕ್ಕಳು ಅವರ ಕಾಲು ತೊಳೆದು, ಗಂಧ ಹಚ್ಚಿ, ನಮಸ್ಕಾರ ಮಾಡುತ್ತಾರೆ. ಕೈ ತೊಳೆದು ಹೊರಗೆ ಬಂದರೋ, ಮುಗಿಯಿತು. ಗಲ್ಲಿಯಲ್ಲಿ ಅದೇ ಮನುಷ್ಯನ ಹೆಗಲಿಗೆ ತಮ್ಮ ಸೆರಗು ತಾಗದ ಹಾಗೆ ಜನ ಪಕ್ಕಕ್ಕೆ ಸರಿಯುತ್ತಾರೆ. ಸಾವಿನ ಅನ್ನ ಉಂಡವರು ಅಂತ. ಮಂತ್ರ ಹೇಳಿಸುವವರಿಗೆ ಮರ್ಯಾದೆ, ಉಂಡವರಿಗೆ ಇಲ್ಲ. ಎರಡೂ ಒಂದೇ ಒಲೆಯ ಅನ್ನ ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ನಮ್ಮ ಮನೆಗೆ ಹೆಚ್ಚಾಗಿ ಬರುತ್ತಿದ್ದ ಭೋಕ್ತೃಗಳು ಉದ್ದನೆಯ ಸಣಕಲು ಮನುಷ್ಯ. ಕೇದಾರ ಘಾಟಿನ ಹತ್ತಿರದ ಒಂದು ಛತ್ರದಲ್ಲಿ ಮೆಟ್ಟಿಲ ಕೆಳಗಿನ ಕೋಣೆ ಅವರದು. ನೆಟ್ಟಗೆ ನಿಂತರೆ ತಲೆ ತಾಗುವಂಥದ್ದು. ಊರು ಯಾವುದೆಂದರೆ ಗದಗದ ಕಡೆ ಎಂದು ಕೈ ಬೀಸಿ ಬಿಡುತ್ತಿದ್ದರು. ಹೆಂಡತಿ ಮಕ್ಕಳು ಇರಲಿಲ್ಲ. ಶ್ರಾದ್ಧ ಉಂಡವರು ಆ ರಾತ್ರಿ ಮತ್ತೆ ಉಣ್ಣುವಂತಿಲ್ಲ. ಹಾಗಾಗಿ ಯಾತ್ರಿಕರು ಬಂದ ದಿನ ಅವರಿಗೆ ಮಧ್ಯಾಹ್ನ ಹೊಟ್ಟೆ ಬಿರಿಯುವಷ್ಟು, ರಾತ್ರಿ ಏನೂ ಇಲ್ಲ. ಯಾತ್ರಿಕರು ಬಾರದ ದಿನ ಎರಡೂ ಹೊತ್ತು ಅಷ್ಟಕ್ಕಷ್ಟೇ.

ಗಲ್ಲಿಯಲ್ಲಿ ಎಲ್ಲರ ಪಾಡೂ ಯಾತ್ರಿಕರ ದಾರಿ ಕಾಯುವುದೇ ಆಗಿತ್ತು. ಬಾಳೆಲೆ ಮಾರುವ ಬಂಗಾಳಿ ವಿಧವೆ, ಮದನಪುರದಿಂದ ಧೋತರ ನೇಯ್ದು ತರುವ ಮುಸಲ್ಮಾನ ನೇಕಾರ, ಅಸ್ಥಿ ಬಿಡಲು ನಡುಹೊಳೆಗೆ ಕರೆದೊಯ್ಯುವ ದೋಣಿಯವನು, ಪಕ್ಕದ ತೆಲುಗರು, ಎದುರಿನ ಮರಾಠಿಗರು. ಬಿಸಿಲುಗಾಲದಲ್ಲಿ ಯಾತ್ರಿಕರು ಬರುವುದು ನಿಂತರೆ ಇಷ್ಟೂ ಮನೆಗಳ ಸಾರು ಒಟ್ಟಿಗೇ ನೀರಾಗುತ್ತಿತ್ತು. ದುಡಿದು ದುಡಿದು ಒಬ್ಬೊಬ್ಬರ ಒಂದೊಂದು ಅಂಗ ಹೋಗಿತ್ತು. ನೇಕಾರನಿಗೆ ಕಣ್ಣು, ದೋಣಿಯವನಿಗೆ ಭುಜ, ನನಗೆ ಮೊಣಕಾಲು. ಭೋಕ್ತೃಗಳಿಗೆ ಹೊಟ್ಟೆ. ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ ಎಂದು ಹೇಳಿ, ಅನ್ನ, ಸಿಹಿ ಬಿಡಿ ಎಂದಿದ್ದರಂತೆ. ಅದನ್ನು ಅವರು ನನಗೆ ನಗುನಗುತ್ತಾ ಹೇಳಿದ್ದರು. ನೇಕಾರನಿಗೆ ಮಗ್ಗ ಬಿಡು ಅಂದಂಗಾತು, ಎಂದು.

ಮೊದಮೊದಲು ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಉಳಿದ ಭೋಕ್ತೃಗಳು ಗಬಗಬ ಉಂಡು ದಕ್ಷಿಣೆ ಸಿಕ್ಕಿಸಿಕೊಂಡು ಹೊರಡುತ್ತಿದ್ದರು. ಇವರದು ನಿಧಾನ. ಶ್ರಾದ್ಧದ ಎಲೆಯ ಮುಂದೆ ಮಾತಾಡುವಂತಿಲ್ಲ, ರುಚಿಯ ಬಗ್ಗೆಯಂತೂ ತುಟಿ ಬಿಚ್ಚುವಂತಿಲ್ಲ. ಅದಕ್ಕೇ ಇವರು ಬೆರಳು ತೋರಿಸಿ ಇನ್ನಷ್ಟು ಬೇಕೆಂದು ಬಡಿಸಿಕೊಳ್ಳುತ್ತಿದ್ದರು. ಒಮ್ಮೆ ವಡೆ, ಒಮ್ಮೆ ಪಾಯಸ, ಒಮ್ಮೆ ಹಾಗಲಕಾಯಿ. ಅಡುಗೆಮನೆ ಬಾಗಿಲ ಸಂದಿಯಿಂದ ನೋಡುತ್ತಾ, ಈ ಮನುಷ್ಯನಿಗೇನು ಹೊಟ್ಟೆಯೋ ಕಾಳು ತುಂಬುವ ಹಗೇವೋ ಎಂದುಕೊಳ್ಳುತ್ತಿದ್ದೆ. ಗಂಡನ ಮುಂದೆ ಅವರು ಬೆರಳು ತೋರಿಸುವುದನ್ನು ಮಾಡಿ ತೋರಿಸಿ ನಗಿಸಿದ್ದೂ ಉಂಟು. ಸಕ್ಕರೆ ಕಾಯಿಲೆಯ ಮಾತು ಗೊತ್ತಾದ ಮೇಲೆ, ಅಷ್ಟಾದರೂ ಆಸೆ ಬಿಡಲಿಲ್ಲವಲ್ಲ ಎಂದು ಬೈದುಕೊಂಡೆ. ಛೆ, ಬೈದುಕೊಂಡದ್ದು ನಿಜ.

ಒಂದು ದಿನ ನೀರಿನ ತಂಬಿಗೆ ಇಡಲು ಹೊಸ್ತಿಲ ಹತ್ತಿರ ಹೋದಾಗ ಗೊತ್ತಾಯಿತು. ಯಾತ್ರಿಕ ಅವರ ಕಾಲು ತೊಳೆಯುತ್ತಿದ್ದ. ಅವರು ಮೆಲ್ಲಗೆ, ನಿಮ್ಮ ತಂದೆಯವರಿಗೆ ಊಟದಾಗ ಏನು ಸೇರತಿತ್ತು ಎಂದು ಕೇಳಿದರು. ಹಾಗಲಕಾಯಿ ಎಂದ ಅವನು. ಆಮೇಲೆ ಎಲೆಯ ಮುಂದೆ ಕೂತು ಅವರು ಎರಡನೆಯ ಸಲ ಬಡಿಸಲು ಬೆರಳು ತೋರಿಸಿದ್ದು ಹಾಗಲಕಾಯಿಗೆ. ಅಷ್ಟು ದೊಡ್ಡ ಗಂಡಸು ಬಾಯಿಗೆ ಶಲ್ಯ ಒತ್ತಿಕೊಂಡು ಬಿಕ್ಕಳಿಸಿದ. ಅಪ್ಪ ಬಂದು ಕೇಳಿ ಬಡಿಸಿಕೊಂಡರು ಎಂದೇ ಅವನಿಗೆ ಅನ್ನಿಸಿತ್ತು. ನಾನು ಒಳಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡಿದೆ. ಅಂದಿನಿಂದ ಹಗೇವಿನ ಮಾತು ಬಿಟ್ಟೆ.

ಅವರಿಗೂ ದೋಣಿಯವನಿಗೂ ಬಲು ಸಲಿಗೆ. ಸಂಜೆ ಘಾಟಿನಲ್ಲಿ ದೋಣಿ ಕಟ್ಟಿ ಅವನು ಕೂತಿದ್ದರೆ ಇವರು ಹೋಗಿ ದೋಣಿಯ ತುದಿಯಲ್ಲಿ ಕೂರುತ್ತಿದ್ದರು. ಅವನು ದಿನಾ ಕೇಳುತ್ತಿದ್ದದ್ದು ಒಂದೇ. "ಪಂಡಿತ್‌ಜೀ, ಆಜ್ ಕೇಕರ್ ಬಾಪ್ ಬನಲೀಂ?" ಇವತ್ತು ಯಾರ ಅಪ್ಪ ಆದಿರಿ ಎಂದು. ಇವರು ಒಂದು ದಿನ ಮೈಸೂರಿನವರ ಅಪ್ಪ, ಒಂದು ದಿನ ಬೀದರಿನ ಅಜ್ಜಿ ಎಂದು ಹೇಳುತ್ತಿದ್ದರು. ಅಜ್ಜಿ ಎಂದ ದಿನ ಅವನು ಹೊಟ್ಟೆ ಹಿಡಿದು ನಗುತ್ತಿದ್ದ. ಗಲ್ಲಿಯಲ್ಲಿ ಅವರ ಕೆಲಸವನ್ನು ತಮಾಷೆ ಮಾಡಿಯೂ ಅವರನ್ನು ಕೀಳು ಮಾಡದೆ ಇದ್ದವನು ಅವನೊಬ್ಬನೇ.

ಅವರಿಗಿದ್ದ ಒಂದೇ ಚಿಂತೆಯನ್ನೂ ಅವರು ತಮಾಷೆಯ ಹಾಗೆಯೇ ಹೇಳುತ್ತಿದ್ದರು. ಉಂಡು ಕೈ ತೊಳೆಯುವಾಗ ಮಾವನವರ ಕಡೆ ತಿರುಗಿ, "ನಾ ಎಲ್ಲಾರ ಸಲುವಾಗಿ ಕುಂತೇನಿ. ನನ್ನ ಸಲುವಾಗಿ ಯಾರು ಕುಂಡ್ರತಾರ ನೋಡೂಣು" ಎನ್ನುತ್ತಿದ್ದರು. ಅದರಲ್ಲೂ ಸತ್ತ ಹನ್ನೊಂದನೆಯ ದಿನದ ಎಲೆ ಎಂದರೆ ಭೋಕ್ತೃಗಳೂ ಹೆದರುತ್ತಾರೆ. ಅದನ್ನು ಉಂಡವರನ್ನು ವರ್ಷವಿಡೀ ಬೇರೆ ಯಾರೂ ಕರೆಯುವುದಿಲ್ಲ, ಪ್ರಾಯಶ್ಚಿತ್ತ ಬೇರೆ. ಕಾಶಿಗೆ ಹೊಸದಾಗಿ ಬಂದ ಕಾಲದಲ್ಲಿ ಇವರು ಗತಿಯಿಲ್ಲದೆ ಆ ಎಲೆಗೂ ಕೂತಿದ್ದರಂತೆ. ಮಾವನವರು ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಿದ್ದರು. "ನಾವು ಇಲ್ಲೇನ್ರೀ? ನಿಮ್ಮ ಎಲಿ ಖಾಲಿ ಬಿಡೂದಿಲ್ಲ." ಅವರು ತಲೆಯಾಡಿಸಿ ಹೋಗುತ್ತಿದ್ದರು.

ಒಂದು ಸಲ, ಚಳಿ ಇನ್ನೂ ಬಿಟ್ಟಿರಲಿಲ್ಲ, ಗದಗದ ಕಡೆಯಿಂದಲೇ ಒಂದು ಸಂಸಾರ ಬಂತು. ಯಜಮಾನರಿಗೆ ಐವತ್ತು ದಾಟಿತ್ತು. ಗಟ್ಟಿ ದನಿ, ನಗುಮುಖ. ಅಣ್ಣನ ಶ್ರಾದ್ಧ ಮಾಡಿಸಬೇಕು ಎಂದರು. ಅಣ್ಣ ಬಹಳ ಹಿಂದೆಯೇ ಕಾಶಿಗೆ ಬಂದವರಂತೆ, ಹನ್ನೆರಡು ವರ್ಷಕ್ಕೂ ಮೇಲೆ ಸುದ್ದಿಯಿಲ್ಲ. ಅಷ್ಟು ಕಾಲ ಸುದ್ದಿಯಿಲ್ಲದವರನ್ನು ಸತ್ತರೆಂದೇ ತಿಳಿದು ಕರ್ಮ ಮಾಡಬೇಕು ಎನ್ನುವುದು ಶಾಸ್ತ್ರ. ಊರಿನ ಹಿರಿಯರು ಕಾಶಿಯಲ್ಲೇ ಮಾಡಿಸಿ ಬಾ ಎಂದಿದ್ದರು. ಮಾವನವರು ನಮ್ಮ ಭೋಕ್ತೃಗಳಿಗೆ ಹೇಳಿ ಕಳಿಸಿದರು.

ಸಂಕಲ್ಪಕ್ಕೆ ಆ ಯಜಮಾನರು ತಂದೆ, ತಾತ, ಮುತ್ತಾತನ ಹೆಸರು ಹೇಳಿದರು, ಗೋತ್ರ ಹೇಳಿದರು, ಅಣ್ಣನ ಹೆಸರು ಹೇಳಿದರು. ಭೋಕ್ತೃಗಳು ಹೊಸ್ತಿಲ ಹತ್ತಿರ ನಿಂತಿದ್ದರು. ಕಾಲು ತೊಳೆಯಲು ಬನ್ನಿ ಎಂದು ಮಾವನವರು ಮತ್ತೊಮ್ಮೆ ಕರೆಯಬೇಕಾಯಿತು. ಯಜಮಾನರು ತಟ್ಟೆಯಲ್ಲಿ ಅವರ ಕಾಲಿಟ್ಟು ನೀರು ಹಾಕಿದರು. ಯಾವತ್ತೂ ಕೇಳುವ ಪ್ರಶ್ನೆಯನ್ನು ಅವತ್ತು ಭೋಕ್ತೃಗಳು ಕೇಳಲಿಲ್ಲ. ಯಜಮಾನರೇ ಮಾತಿಗೆ ಮಾತೆಂದು ಹೇಳಿದರು. "ನಮ್ಮಣ್ಣಗ ಎಳ್ಳುಂಡಿ ಅಂದ್ರ ಜೀವರೀ. ಅವ್ವ ಡಬ್ಬಿ ಮ್ಯಾಲಿಟ್ಟರೂ ಬಿಡತಿರಲಿಲ್ಲ." ಹೇಳಿ ನಕ್ಕರು. ನಾನು ಒಳಗಿನಿಂದ ಕೇಳಿಸಿಕೊಂಡು, ಇವತ್ತು ಎಳ್ಳುಂಡೆಗೆ ಬೆರಳು ಬರುತ್ತದೆ ಎಂದು ನಾಲ್ಕು ಹೆಚ್ಚಿಗೆ ತೆಗೆದಿಟ್ಟೆ.

ಬೆರಳು ಬರಲಿಲ್ಲ. ಅನ್ನ ಕಲಸಿದರು, ಉಂಡರು, ಎಲ್ಲವನ್ನೂ ಮುಟ್ಟಿದರು. ಎಳ್ಳುಂಡೆ ಎಲೆಯ ಮೂಲೆಯಲ್ಲಿ ಕೂತೇ ಇತ್ತು. ಕೊನೆಗೆ ಅದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಊಟ ಮುಗಿದ ಮೇಲೆ ಕರ್ಮ ಮಾಡಿದವರು ತೃಪ್ತಿಯಾಯಿತೇ ಎಂದು ಕೇಳಬೇಕು, ಭೋಕ್ತೃಗಳು ತೃಪ್ತಿಯಾಯಿತು ಎನ್ನಬೇಕು. ಯಜಮಾನರು ಕೈ ಮುಗಿದು ಕೇಳಿದರು. ಇವರು ಖಾಲಿ ಎಲೆಯ ಮೇಲೆ ಬೆರಳಾಡಿಸುತ್ತಾ ಕೂತರು. ಮಾವನವರು ಕೆಮ್ಮಿದರು. ಇವರು ಎಲೆ ನೋಡುತ್ತಲೇ, "ಆತು... ತೃಪ್ತಿಯಾತು" ಎಂದು ಎದ್ದುಬಿಟ್ಟರು. ದಾನಕ್ಕೆಂದು ಕೊಟ್ಟ ಧೋತರ, ಹಿತ್ತಾಳೆ ಚೊಂಬು ಅಲ್ಲೇ ಬಿಟ್ಟು ಹೊರಗೆ ನಡೆದರು.

ಅದು ಅವರು ಮರೆಯುವಂಥದ್ದಲ್ಲ. ದಾನಕ್ಕೆ ಬಂದ ಚೊಂಬು, ಧೋತರ ಸಂಜೆಗೆಲ್ಲ ಅಂಗಡಿಗೆ ವಾಪಸು ಹೋಗುತ್ತಿದ್ದವು, ಅಲ್ಲಿಂದ ಮತ್ತೊಬ್ಬ ಯಾತ್ರಿಕನ ಕೈಗೆ, ಮತ್ತೆ ನಮ್ಮ ಮನೆಗೆ. ಗಲ್ಲಿಯಲ್ಲಿ ಎಲ್ಲರೂ ಬದುಕುತ್ತಿದ್ದದ್ದು ಹಾಗೆಯೇ. ಕಂಠದಲ್ಲಿ ಸಣ್ಣ ತಗ್ಗು ಬಿದ್ದಿದ್ದ ಒಂದು ಚೊಂಬನ್ನು ನಾನೇ ಎಷ್ಟು ಸಲ ಬೆಳಗಿ ಇಟ್ಟಿದ್ದೇನೋ. ಅವತ್ತು ಬಂದದ್ದೂ ಅದೇ. ಎತ್ತಿಕೊಂಡು ಅವರನ್ನು ಹುಡುಕುತ್ತಾ ಕೇದಾರ ಘಾಟಿಗೆ ಇಳಿದೆ.

ಅವರು ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದರು. ಚೊಂಬು ಪಕ್ಕಕ್ಕಿಟ್ಟೆ. ಹುಷಾರಿಲ್ಲವೇ ಎಂದು ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ.

"ಅಂವಾ ನನ್ನ ತಮ್ಮ ಇದ್ದಾನವಾ" ಎಂದರು. "ಇವತ್ತ ನನ್ನ ಶ್ರಾದ್ಧ ನಾನ ಉಂಡೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅವರೇ ತಡವರಿಸುತ್ತಾ ಹೇಳಿದರು. ಅವರು ಊರು ಬಿಟ್ಟಾಗ ತಮ್ಮ ಇನ್ನೂ ಚಡ್ಡಿ ಹಾಕುವ ಹುಡುಗ. ವೇದ ಕಲಿತು ದೊಡ್ಡ ವಿದ್ವಾಂಸನಾಗುತ್ತೇನೆಂದು ಬಂದವರು, ಪಾಠಶಾಲೆಯಲ್ಲಿ ಹೊಂದಲಿಲ್ಲ. ಹೊಟ್ಟೆಗಾಗಿ ಒಂದು ದಿನ ಶ್ರಾದ್ಧದ ಎಲೆಗೆ ಕೂತರು, ಮರುದಿನವೂ ಕೂತರು. ಊರಿಗೆ ಮಾತ್ರ ಪಾಠ ಹೇಳಿಕೊಡುತ್ತಿದ್ದೇನೆ ಎಂದು ಬರೆಯುತ್ತಾ ಬಂದರು. ಸುಳ್ಳು ಬರೆದು ಬರೆದು ನಾಚಿಕೆಯಾಗಿ ಬರೆಯುವುದನ್ನೇ ಬಿಟ್ಟರು. ಊರಿನವರು ಯಾರಾದರೂ ಗುರುತು ಹಿಡಿದಾರೆಂದು ನಮ್ಮ ಮನೆಯಲ್ಲಿ ಬೇರೆ ಹೆಸರು ಹೇಳಿದ್ದರು, ಬೇರೆ ಗೋತ್ರ ಹೇಳಿದ್ದರು. ಅದೇ ಅವರನ್ನು ಈಗ ಸುಡುತ್ತಿತ್ತು. ಒಂದೇ ಗೋತ್ರದವರು ಶ್ರಾದ್ಧಕ್ಕೆ ಕೂರಬಾರದು. ಕೂತು ತಮ್ಮನ ಕರ್ಮವನ್ನೇ ಕೆಡಿಸಿದೆ ಎಂದು ಕೈ ಕೈ ಹಿಸುಕಿಕೊಂಡರು.

ಎದ್ದು ಬರಬೇಕಿತ್ತಲ್ಲ ಎಂದೆ. "ಹ್ಯಾಂಗ ಏಳಲಿ ತಂಗಿ? ಕಾಲು ಹಿಡದಿದ್ದ" ಎಂದರು. ಅಷ್ಟು ಹೇಳಿ ಮೊಣಕಾಲಿಗೆ ಹಣೆ ಹಚ್ಚಿದರು. ದೋಣಿಯವನು ಅದೇ ಹೊತ್ತಿಗೆ ಬಂದು ಎಂದಿನಂತೆ ಆಜ್ ಕೇಕರ್ ಬಾಪ್ ಎಂದು ಶುರು ಮಾಡಿದವನು, ನನ್ನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದ. ನಾನು ತಮ್ಮನಿಗೆ ಹೇಳುತ್ತೇನೆ, ನಾಳೆ ಬೆಳಿಗ್ಗೆ ಅವರ ಗಾಡಿ, ಇನ್ನೂ ಹೊತ್ತಿದೆ ಎಂದೆ. ಬೇಡ, ಹೇಳಬ್ಯಾಡ ಎಂದು ಅವರು ಕೈ ಮುಗಿದುಬಿಟ್ಟರು. ನನಗಿಂತ ಅಷ್ಟು ದೊಡ್ಡವರು, ಅಡುಗೆ ಮಾಡುವ ನನಗೆ ಕೈ ಮುಗಿದರು.

ಆದರೂ ಹೇಳಿಯೇ ಬಿಡೋಣ ಎಂದುಕೊಂಡೇ ಮನೆಗೆ ಬಂದೆ. ಪ್ರಸಾದದ ಪೊಟ್ಟಣ ಹಿಡಿದು ಮೇಲಿನ ಕೋಣೆಗೆ ಹೋದೆ. ಯಜಮಾನರು ಕಿಟಕಿಯಿಂದ ಹೊಳೆ ನೋಡುತ್ತಿದ್ದರು. ಮಾತಿಗೆ ಎಳೆಯುವ ಮೊದಲೇ ಅವರೇ ಶುರು ಮಾಡಿದರು. "ನಮ್ಮಣ್ಣ ಇಲ್ಲೇ ವೇದ ಹೇಳಿಕೊಡತಿದ್ದನ್ರೀ. ದೊಡ್ಡ ವಿದ್ವಾಂಸ. ನಮ್ಮ ಮನ್ಯಾಗ ಹುಡುಗರು ಓದದಿದ್ರ ಅವನ ಹೆಸರು ಹೇಳಿ ಬೈತೀವಿ. ನೀವು ಕೇಳಿದ್ದು ಅದ ಏನು ಅವನ ಹೆಸರು?"

ಈಗಲೂ ಆ ಗಳಿಗೆ ಬಿಚ್ಚಿ ಬಿಚ್ಚಿ ನೋಡುತ್ತೇನೆ. ಭೋಕ್ತೃಗಳು ಘಾಟಿನಲ್ಲಿ ಕೈ ಮುಗಿದಿದ್ದರು, ಅದಕ್ಕೇ ನನಗೆ ಮಾತು ಹೊರಡಲಿಲ್ಲ ಎಂದು ಹೇಳಿಕೊಂಡರೆ ಚೆನ್ನಾಗಿರುತ್ತದೆ. ಅದಲ್ಲ. ನಿಮ್ಮಣ್ಣ ಅಂದರೆ ಅವರೇ, ಊಟಕ್ಕೆ ಕೂತಿದ್ದರಲ್ಲ, ಎನ್ನುವ ಮಾತು ನಾಲಿಗೆಯ ತನಕ ಬಂತು, ಅಲ್ಲೇ ನನಗೆ ನಾಚಿಕೆಯಾಯಿತು. ವಿದ್ವಾಂಸ ಎಂದ ಬಾಯಿಗೆ ಭೋಕ್ತೃ ಎನ್ನುವ ಉತ್ತರ ಕೊಡಲು ಸಂಕೋಚವಾಯಿತು. ಅಂದರೆ ನಾನೂ ಅವರನ್ನು ಗಲ್ಲಿಯವರು ನೋಡಿದ ಹಾಗೆಯೇ ನೋಡುತ್ತಿದ್ದೆ ಅಂತಾಯಿತು. ಅವರ ಎಲೆಗೆ ಬಡಿಸಿದ್ದೇ ನನ್ನ ಮನೆಯ ಅನ್ನ ಎಂದು ಗೊತ್ತಿದ್ದೂ! ಕಾಶಿ ದೊಡ್ಡ ಊರು, ವಿದ್ವಾಂಸರು ಬಹಳ, ನನಗೆ ತಿಳಿಯದು ಎಂದು ಹೇಳಿ ಕೆಳಗೆ ಬಂದೆ. ಮರುದಿನ ಯಜಮಾನರು ಎಲ್ಲರಿಗೂ ನಮಸ್ಕಾರ ಹೇಳಿ ಹೊರಟುಹೋದರು.

ಆಮೇಲೆ ಭೋಕ್ತೃಗಳು ನಮ್ಮ ಮನೆಗೆ ಬರುವುದನ್ನೇನೂ ಬಿಡಲಿಲ್ಲ. ಬಿಟ್ಟರೆ ಹೊಟ್ಟೆಗೆ? ಕಾಲು ತೊಳೆಯುವಾಗ ಮತ್ತೆ ಕೇಳುತ್ತಿದ್ದರು, ಮತ್ತೆ ಬೆರಳು ತೋರಿಸುತ್ತಿದ್ದರು. ಎಳ್ಳುಂಡೆ ಮಾತ್ರ ಎಲೆಯಲ್ಲೇ ಉಳಿಯುತ್ತಿತ್ತು. ಆ ಧೋತರ, ತಗ್ಗು ಬಿದ್ದ ಚೊಂಬು ಅಂಗಡಿಗೆ ಹೋಗಲಿಲ್ಲ. ಚೊಂಬು ಮತ್ತೆ ಕಾಣಿಸಲಿಲ್ಲವಲ್ಲ ಎಂದು ಅಂಗಡಿಯವನು ಒಮ್ಮೆ ಕೇಳಿದ್ದ. ಅವರು ಕೇಳಿಸದವರ ಹಾಗೆ ಮುಂದೆ ಹೋದರು. ಮಾವನವರಿಗೆ ನಾನು ಏನೂ ಹೇಳಲಿಲ್ಲ. ಭೋಕ್ತೃಗಳು ಮಾತ್ರ ಒಂದು ಮಾತು ಕಡಿಮೆ ಮಾಡಿದರು. ನನ್ನ ಸಲುವಾಗಿ ಯಾರು ಕುಂಡ್ರತಾರ ಎಂದು ಕೈ ತೊಳೆಯುವಾಗ ಕೇಳುತ್ತಿದ್ದರಲ್ಲ, ಅದನ್ನು ಬಿಟ್ಟರು.

ಎರಡು ಬೇಸಿಗೆ ಕಳೆದ ಮೇಲೆ ಕಾಲಿನ ಹುಣ್ಣು ಮಾಯದೆ ಮಲಗಿದರು. ಸಕ್ಕರೆ ಒಳಗೊಳಗೇ ಎಲ್ಲ ತಿಂದಿತ್ತು. ದೋಣಿಯವನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೂ ಒಯ್ದ, ವಾಪಸೂ ತಂದ. ನಾನು ದಿನಾ ಗಂಜಿ ಕಳಿಸುತ್ತಿದ್ದೆ. ಒಂದು ದಿನ ನಾನೇ ಹೋಗಿದ್ದಾಗ ಎರಡು ತುತ್ತು ಉಂಡು, ಬಹಳ ರುಚಿ ಆಗೇದವಾ ಎಂದರು. ಅಷ್ಟು ವರ್ಷ ನನ್ನ ಕೈಯ ಅಡುಗೆ ಉಂಡವರು, ರುಚಿಯ ಮಾತು ಆಡಿದ್ದು ಅದೇ ಮೊದಲು. ಶ್ರಾದ್ಧದ ಎಲೆಯಲ್ಲದ ಕಾರಣ ಆಡಬಹುದಿತ್ತು. ಬರೀ ಉಪ್ಪು ಹಾಕಿದ ಗಂಜಿ ಅದು... ಆ ವಾರವೇ ಹೋಗಿಬಿಟ್ಟರು.

ಹೆಗಲು ಕೊಡಲು ಯಾರೂ ಹಿಂದೆ ಬೀಳಲಿಲ್ಲ, ಅದನ್ನು ಹೇಳಲೇಬೇಕು. ದೋಣಿಯವರೇ ಮುಂದೆ ನಿಂತರು. ಮದನಪುರದ ನೇಕಾರ, ಕಣ್ಣು ಮಂಜಾಗಿದ್ದವನು, ತಡಕಾಡುತ್ತಾ ಬಂದು ಹೊಸ ಬಿಳಿ ಬಟ್ಟೆ ಕೊಟ್ಟು ಹೋದ. ಹರಿಶ್ಚಂದ್ರ ಘಾಟಿನಲ್ಲಿ ನನ್ನ ಗಂಡನೇ ಬೆಂಕಿ ಇಟ್ಟ. ಬಾಳೆಲೆಯ ಬಂಗಾಳಿ ಅಮ್ಮ ಹನ್ನೊಂದನೆಯ ದಿನಕ್ಕೆ ಎಲೆಗಳನ್ನು ತಾನಾಗಿ ತಂದಿಟ್ಟಳು.

ಆ ದಿನ ಕೂರುವವರು ಸಿಗಲಿಲ್ಲ. ಮಾವನವರು ಎರಡು ದಿನ ಮೊದಲಿನಿಂದ ಮನೆಮನೆ ಸುತ್ತಿದ್ದರು. ತೆಲುಗರ ಭೋಕ್ತೃಗಳಿಗೆ ಮೈಯಲ್ಲಿ ಆರಾಮಿರಲಿಲ್ಲ. ಮರಾಠಿಗರ ಭೋಕ್ತೃಗಳಿಗೆ ಬೇರೆ ಕಡೆ ಕರೆ ಇತ್ತು. ಮತ್ತೊಬ್ಬರಿಗೆ ಉಪವಾಸ. ಎಲ್ಲರೂ ಅವರ ಜೊತೆ ಅಕ್ಕಪಕ್ಕದ ಮಣೆಯಲ್ಲಿ ಕೂತು ಉಂಡವರೇ. ನಾನು ಬೆಳಗಿನ ಜಾವಕ್ಕೇ ಎದ್ದು ಅಡುಗೆ ಮಾಡಿದ್ದೆ. ಎಳ್ಳುಂಡೆಯನ್ನೂ ಕಟ್ಟಿದ್ದೆ. ಅವರ ತಮ್ಮ ಕೊಟ್ಟಿದ್ದ ಧೋತರ, ಚೊಂಬನ್ನು ಕೋಣೆಯಿಂದ ತಂದು ದಾನಕ್ಕೆ ಇಟ್ಟಿದ್ದೆವು. ಧೋತರದ ಮಡಿಕೆ ಕೂಡ ಬಿಚ್ಚಿರಲಿಲ್ಲ.

ಮಾವನವರು ಮಣೆಯ ಮುಂದೆ ನಿಂತು ನಮ್ಮ ಕಡೆ ನೋಡಿದರು. ಅವರೇ ಕೂರಬಹುದಿತ್ತು. ಎಲಿ ಖಾಲಿ ಬಿಡೂದಿಲ್ಲ ಎಂದು ಅಷ್ಟು ಸಲ ಹೇಳಿದವರು ಅವರೇ. ಕೂತರೆ ವರ್ಷವಿಡೀ ಯಾತ್ರಿಕರು ನಮ್ಮ ಮನೆಯ ಹೊಸ್ತಿಲು ತುಳಿಯುವುದಿಲ್ಲ, ಪಿತೃಪಕ್ಷ ಬೇರೆ ಹತ್ತಿರ ಬಂದಿತ್ತು. ಅತ್ತೆ ನೆಲ ನೋಡಿದರು, ಗಂಡ ನೆಲ ನೋಡಿದ, ನಾನೂ ನೆಲ ನೋಡಿದೆ. ಮಾವನವರು ನಿಧಾನವಾಗಿ ಕಟ್ಟಿನಿಂದ ದರ್ಭೆ ಸೆಳೆದು ಗಂಟು ಹಾಕತೊಡಗಿದರು. ಬ್ರಾಹ್ಮಣರು ಸಿಗದಿದ್ದರೆ ದರ್ಭೆಯ ಗಂಟನ್ನೇ ಮಣೆಯ ಮೇಲಿಟ್ಟು ಕರ್ಮ ಮುಗಿಸಲು ಶಾಸ್ತ್ರ ಒಪ್ಪುತ್ತದೆ.

ದೋಣಿಯವನು ಅಂಗಳದ ಆಚೆ ನಿಂತಿದ್ದ. ಎಲ್ಲವನ್ನೂ ನೋಡಿದ್ದ. "ಊ ತ ಸಬ್‌ಕೇ ಖಾತಿರ್ ಖಇಲನ್" ಎಂದ. "ಉನ್‌ಕಾ ಖಾತಿರ್ ಕೇಹೂ ನಾ ಬಇಠೀ?" ಅವರು ಎಲ್ಲರಿಗಾಗಿ ಉಂಡರು, ಅವರಿಗಾಗಿ ಯಾರೂ ಕೂರುವುದಿಲ್ಲವೇ ಎಂದು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ಕೇಳುತ್ತಿದ್ದ. ಆಮೇಲೆ ಹೆಗಲ ಮೇಲಿನ ಗಮ್ಛಾ ವಸ್ತ್ರ ತೆಗೆದು, "ಹಮ್ ಬಇಠ್ ಜಾಈಂ?" ಎಂದ. ನಾನು ಕೂರಲೇ?

ಅಂಬಿಗನನ್ನು ಆ ಮಣೆಯ ಮೇಲೆ ಕೂರಿಸಲು ಮಾವನವರ ಶಾಸ್ತ್ರದಲ್ಲಿ ದಾರಿಯಿರಲಿಲ್ಲ. ದರ್ಭೆಯನ್ನು ಮಣೆಯ ಮೇಲಿಟ್ಟರು. ದರ್ಭೆಗೆ ಕಾಲು ತೊಳೆದ ಶಾಸ್ತ್ರ ಮಾಡಿದರು, ದರ್ಭೆಯ ಮುಂದೆ ನಾನು ಬಡಿಸಿದೆ. ನನ್ನ ಗಂಡ ಕೈ ಮುಗಿದು ತೃಪ್ತಿಯಾಯಿತೇ ಎಂದು ಕೇಳಿದ. ತೃಪ್ತಿಯಾಯಿತು ಎಂದು ಮಾವನವರೇ ಹೇಳಿಕೊಂಡರು, ಬಹಳ ಸಣ್ಣ ದನಿಯಲ್ಲಿ.

ಹಾಗೆ ಬಡಿಸಿದ್ದನ್ನು ಹೊಳೆಗೆ ಬಿಡಬೇಕು. ಎಲೆ ಎತ್ತಿಕೊಂಡು ನಾನು ಘಾಟಿಗೆ ಇಳಿದೆ. ಹಿಂದಿನಿಂದ ಬಂದ ದೋಣಿಯವನು ಎರಡೂ ಕೈಯೊಡ್ಡಿದ, ನಡುಹೊಳೆಗೆ ಬಿಟ್ಟು ಬರುತ್ತೇನೆ ಎಂದ. ಕೊಟ್ಟೆ. ಬಿಟ್ಟ ಮೇಲೆ ತಿರುಗಿ ನೋಡಬಾರದು ಎನ್ನುವುದು ಪದ್ಧತಿ. ನಾನು ಹೊಳೆಗೆ ಬೆನ್ನು ಮಾಡಿ ಮೆಟ್ಟಿಲ ಮೇಲೆ ಕೂತೆ. ದೋಣಿಯ ಹುಟ್ಟಿನ ಸದ್ದು ಸ್ವಲ್ಪ ದೂರ ಹೋಗಿ ನಿಂತಿತು. ಬಹಳ ಹೊತ್ತು ನಿಂತೇ ಇತ್ತು. ಒಂದೆಲೆ ನೀರಿಗೆ ಬಿಡಲು ಅಷ್ಟು ಹೊತ್ತು ಬೇಕಾಗಿರಲಿಲ್ಲ.

ಅವನು ವಾಪಸು ಬಂದು ಮೆಟ್ಟಿಲ ಹತ್ತಿರ ದೋಣಿ ಹಚ್ಚಿದಾಗ ತಿರುಗಿದೆ. ದೋಣಿಯಲ್ಲಿ ಬಾಳೆಲೆ ಇತ್ತು. ಒಂದಗುಳೂ ಉಳಿದಿರಲಿಲ್ಲ, ಉಂಡವರು ಮಡಿಸುವ ಹಾಗೆ ಮಡಿಸಿತ್ತು. ಅವನು ಬಗ್ಗಿ ಹೊಳೆಯ ನೀರಿನಲ್ಲಿ ಕೈ ಬಾಯಿ ತೊಳೆದು, ಗಮ್ಛಾದಿಂದ ಒರೆಸಿಕೊಂಡು, ನನ್ನನ್ನು ನೋಡಿ ಹೇಳಿದ. "ಪೇಟ್ ಭರ್ ಗಯಲ್, ಬಹೂಜೀ." ಹೊಟ್ಟೆ ತುಂಬಿತು ಎಂದು.

ನಾನು ಮನೆಗೆ ಬಂದು ಎಲೆ ಹೊಳೆಗೆ ಬಿಟ್ಟಾಯಿತು ಎಂದೆ. ಮಾವನವರು ಸರಿ ಎಂದರು. ಅವರೂ ಹೋಗಿ ಈಗ ಎಷ್ಟೋ ಕಾಲವಾಯಿತು. ಈಗ ನನ್ನ ಮಗ ಶ್ರಾದ್ಧವನ್ನು ಫೋನಿನಲ್ಲೇ ಮಾಡಿಸುತ್ತಾನೆ, ಯಾತ್ರಿಕರು ಊರಲ್ಲೇ ಕೂತು ನೋಡುತ್ತಾರೆ. ಮಣೆಯ ಮೇಲೆ ಯಾವಾಗಲೂ ದರ್ಭೆಯೇ. ಬೆರಳು ತೋರಿಸಿ ಕೇಳಿ ಬಡಿಸಿಕೊಳ್ಳುವವರು ಇಲ್ಲ, ಹೆಚ್ಚಿಗೆ ಎತ್ತಿಡುವ ಕೆಲಸವೂ ಇಲ್ಲ. ದೋಣಿಯವನು ಹೋದ ಮಳೆಗಾಲದಲ್ಲಿ ತೀರಿಕೊಂಡ. ಅವನ ಮನೆಯವರು ಹದಿಮೂರನೆಯ ದಿನದ ತೇರವಿಗೆ ಊಟಕ್ಕೆ ಕರೆದಿದ್ದರು. ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಮೊಣಕಾಲು ನೋವು ಎಂದು ಹೇಳಿ ಕಳಿಸಿದೆ.

ಮೊನ್ನೆ ಅಸ್ಸಿಯಲ್ಲಿ ಮೊಮ್ಮಗಳು ಲಡ್ಡು ಮುಗಿಸಿ ಬೆರಳು ನೆಕ್ಕುತ್ತಿದ್ದಳು. ನಾನು ಗಾಡಿಯವನಿಗೆ ಇನ್ನೆರಡು ಕೊಡು ಎಂದೆ. ನಿನಗೆ ಬೇಡ ಅಂದಿದ್ದೆಯಲ್ಲ ಅಜ್ಜಿ ಎಂದು ಹುಡುಗಿ ಹಿಂದಿಯಲ್ಲಿ ಕೇಳಿದಳು. ನಾನು ಹೊಳೆಯ ಕಡೆ ಮುಖ ಮಾಡಿ ಕಲ್ಲಿನ ಮೇಲೆ ಕೂತೆ. ಒಂದನ್ನು ಭೋಕ್ತೃಗಳ ಹೆಸರಿನಲ್ಲಿ ತಿಂದೆ, ಆಮೇಲೆ ದೋಣಿಯವನ ಹೆಸರಿನಲ್ಲಿ ಇನ್ನೊಂದನ್ನೂ ತಿಂದೆ. ಹೊಟ್ಟೆ ತುಂಬಿತು ಎಂದು ಹೇಳಲು ಬಾಯಿ ಬರಲಿಲ್ಲ.